ಕ್ವಾಂಟಂ ಲೋಕದಲ್ಲಿ ಎಂಟ್ರೊಪಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಬಿ.ಎಸ್ಸಿ. ಮಕ್ಕಳಿಗೆ ಥರ್ಮೋಡೈನಾಮಿಕ್ಸ್ ಒಂದು ಸೆಮಿಸ್ಟರ್‌ನಲ್ಲಿ ಬರುತ್ತದೆ, ಕ್ವಾಂಟಂ ಮೆಕ್ಯಾನಿಕ್ಸ್ ಇನ್ನೊಂದರಲ್ಲಿ. ಎರಡೂ ಮುಗಿದ ಮೇಲೆ ಪ್ರತಿ ವರ್ಷ ಯಾರಾದರೂ ಒಬ್ಬರು ಸ್ಟಾಫ್ ರೂಮಿಗೆ ಬಂದು ಕೇಳೇ ಕೇಳುತ್ತಾರೆ: ‘ಮೇಡಂ, ಇವೆರಡೂ ಒಂದಕ್ಕೊಂದು ಹೊಂದಲ್ವಲ್ಲ?’ ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಕೇಳಿದವರು ಎರಡನ್ನೂ ನಿಜವಾಗಿ ಓದಿದ್ದಾರೆ ಅಂತ ಅರ್ಥ. ಇಲ್ಲಿರುವ ಪ್ರಶ್ನೆಗಳು ಹೆಚ್ಚಾಗಿ ಅವರವೇ. ಒಂದೆರಡು ಮಾತ್ರ ಪಾಂಡವಪುರದ ಹತ್ತಿರ ಆಲೆಮನೆ ನಡೆಸುವ ನಮ್ಮ ಚಿಕ್ಕಪ್ಪನವು.

ಮೊದಲಿಗೆ, ಥರ್ಮೋಡೈನಾಮಿಕ್ಸ್‌ನ ಎರಡನೇ ನಿಯಮ ಅಂದರೆ ಏನು?

ಚಿಕ್ಕಪ್ಪ ಒಮ್ಮೆ ಒಲೆಯ ಮುಂದೆ ಕೂತು ಕೇಳಿದರು: ‘ಅಲ್ಲ ಕಣವ್ವ, ಇಷ್ಟೊಂದು ಸಿಪ್ಪೆ ಉರಿಸ್ತೀವಿ, ಆ ಬೆಂಕಿ ಎಲ್ಲಾ ಎಲ್ಲೋಯ್ತದೆ?’

ಎಲ್ಲೂ ಹೋಗಲ್ಲ. ಶಕ್ತಿ ನಾಶವಾಗುವುದಿಲ್ಲ ಎನ್ನುವುದು ಮೊದಲನೇ ನಿಯಮ. ಸ್ವಲ್ಪ ಕೊಪ್ಪರಿಗೆಗೆ ಹೋಯಿತು, ಸ್ವಲ್ಪ ಆವಿಯ ಜೊತೆ ಹೋಯಿತು, ಉಳಿದದ್ದು ಹೊಗೆಯ ಜೊತೆ ಗದ್ದೆ ಬಯಲಿಗೆ ಹೋಯಿತು. ಲೆಕ್ಕ ಹಾಕಿದರೆ ಪೂರ್ತಿ ಸಿಗುತ್ತದೆ. ಆದರೆ ಆ ಬಯಲಿನ ಬೆಚ್ಚನೆ ಗಾಳಿಯನ್ನು ವಾಪಸ್ ಒಟ್ಟು ಮಾಡಿ ಮತ್ತೊಂದು ಕೊಪ್ಪರಿಗೆ ಕಬ್ಬಿನ ಹಾಲು ಕುದಿಸಲು ಆಗಲ್ಲ. ಶಕ್ತಿ ಇದೆ, ಬಳಸಲು ಬರಲ್ಲ. ಎರಡನೇ ನಿಯಮ ಹೇಳುವುದು ಇದನ್ನೇ.

1865ರಲ್ಲಿ ರುಡಾಲ್ಫ್ ಕ್ಲೌಸಿಯಸ್ ಇದಕ್ಕೆ ಒಂದು ಅಳತೆ ಕೊಟ್ಟು ‘ಎಂಟ್ರೊಪಿ’ ಎಂದು ಹೆಸರಿಟ್ಟರು. ಅಳೆಯುವುದು ಸುಲಭ: ಹರಿದ ಶಾಖವನ್ನು ಆ ಜಾಗದ ತಾಪದಿಂದ ಭಾಗಿಸಿ. ಒಲೆಯ ಬೆಂಕಿ 1000 ಕೆಲ್ವಿನ್, ಪಾಕ 390 ಕೆಲ್ವಿನ್ ಎಂದುಕೊಳ್ಳೋಣ. 1000 ಜೂಲ್ ಶಾಖ ಒಲೆಯಿಂದ ಪಾಕಕ್ಕೆ ಹೋದರೆ ಒಲೆ ಕಳೆದುಕೊಂಡ ಎಂಟ್ರೊಪಿ 1 ಘಟಕ. ಪಾಕ ಪಡೆದದ್ದು ಸುಮಾರು 2.56 ಘಟಕ. ಒಟ್ಟಿನಲ್ಲಿ 1.56 ಹೊಸದಾಗಿ ಹುಟ್ಟಿತು. ಅದೇ ಶಾಖ ಪಾಕದಿಂದ ಒಲೆಗೆ ಹರಿದಿದ್ದರೆ ಅಷ್ಟೇ ಕಡಿಮೆಯಾಗುತ್ತಿತ್ತು. ಹಾಗೆ ಒಟ್ಟು ಎಂಟ್ರೊಪಿ ತಾನಾಗಿ ಇಳಿಯುವುದನ್ನು ಯಾವ ಆಲೆಮನೆಯಲ್ಲೂ ಯಾರೂ ನೋಡಿಲ್ಲ.

ಎಂಟ್ರೊಪಿ ಅಂದರೆ ಅವ್ಯವಸ್ಥೆ ತಾನೆ?

ನಾನು ಓದಿದ ಪುಸ್ತಕದಲ್ಲೂ ಹಾಗೇ ಇತ್ತು. ಆ ಒಂದು ಪದದಿಂದ ಎಷ್ಟೋ ವರ್ಷ ದಾರಿ ತಪ್ಪಿದ್ದೆ. ದಯವಿಟ್ಟು ಅದನ್ನು ಬಿಡಿ.

ದೇವರ ಮನೆಯಲ್ಲಿ ಊದುಬತ್ತಿ ಹಚ್ಚುತ್ತೀರಿ. ಸ್ವಲ್ಪ ಹೊತ್ತಿಗೆ ಪರಿಮಳ ಪಡಸಾಲೆಗೂ ಬರುತ್ತದೆ. ಪರಿಮಳದ 100 ಅಣುಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಪ್ರತಿಯೊಂದೂ ದೇವರ ಮನೆಯಲ್ಲಿರಬಹುದು ಇಲ್ಲವೇ ಪಡಸಾಲೆಯಲ್ಲಿರಬಹುದು. ನೂರೂ ದೇವರ ಮನೆಯಲ್ಲೇ ಇರಲು ಒಂದೇ ದಾರಿ. 50 ಇಲ್ಲಿ, 50 ಅಲ್ಲಿ ಇರಲು ಸುಮಾರು 10²⁹ ದಾರಿಗಳು. ಅಣುಗಳಿಗೆ ಹರಡಬೇಕು ಅನ್ನುವ ಆಸೆಯೇನೂ ಇಲ್ಲ. ಸುಮ್ನೆ ಓಡಾಡುತ್ತವೆ. ದಾರಿಗಳು ಎಲ್ಲಿ ಜಾಸ್ತಿಯೋ ಅಲ್ಲಿ ಸಿಗುತ್ತವೆ.

ಲುಡ್ವಿಗ್ ಬೋಲ್ಟ್ಸ್‌ಮನ್ ಹೇಳಿದ್ದು ಇದನ್ನೇ. ಹೊರಗಿನಿಂದ ಒಂದೇ ಥರ ಕಾಣುವ, ಒಳಗೆ ಬೇರೆ ಬೇರೆಯಾದ ಸ್ಥಿತಿಗಳನ್ನು ಎಣಿಸಿ. ಆ ಸಂಖ್ಯೆಯ ಲಾಗರಿದಮ್‌ಗೆ ಒಂದು ಸ್ಥಿರಾಂಕ ಗುಣಿಸಿದರೆ ಎಂಟ್ರೊಪಿ. ವಿಯೆನ್ನಾದಲ್ಲಿ ಅವರ ಸಮಾಧಿಯ ಮೇಲೆ ಈ ಸೂತ್ರ ಕೆತ್ತಿದೆ. ಅದನ್ನು ಆ ರೂಪದಲ್ಲಿ ಬರೆದವರು ಮ್ಯಾಕ್ಸ್ ಪ್ಲಾಂಕ್. ಆ ಸ್ಥಿರಾಂಕದ ಬೆಲೆ 1.380649 × 10⁻²³. 2019ರಿಂದ ಕೆಲ್ವಿನ್ ಅನ್ನುವ ಅಳತೆಯೇ ಈ ಸಂಖ್ಯೆಯ ಮೇಲೆ ನಿಂತಿದೆ.

ಹಾಗಾಗಿ ನಾನು ಹೇಳುವುದು ಹೀಗೆ: ನಮಗೆ ಗೊತ್ತಿರುವುದು ಹೊರಗಿನ ರೂಪ ಮಾತ್ರ ಆದಾಗ, ಒಳಗಿನ ವಿವರದಲ್ಲಿ ಎಷ್ಟು ನಮ್ಮ ಕೈಗೆ ಸಿಕ್ಕಿಲ್ಲವೋ ಅದರ ಅಳತೆಯೇ ಎಂಟ್ರೊಪಿ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕ್ವಾಂಟಂಗೆ ಹೋದಾಗ ಇದೇ ಕೈ ಹಿಡಿಯುತ್ತದೆ.

‘ಅವ್ಯವಸ್ಥೆ’ ಯಾಕೆ ತಪ್ಪು ಅನ್ನುವುದಕ್ಕೆ ನಮ್ಮೂರಿಗೆ ಹತ್ತಿರದ ಉದಾಹರಣೆ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿದ್ದ ಎಸ್. ಚಂದ್ರಶೇಖರ್ ಅವರು ದ್ರವ ಹರಳುಗಳನ್ನು ಅಧ್ಯಯನ ಮಾಡಿದವರು. ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. ದ್ರವ ಹರಳಿನಲ್ಲಿ ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ನೋಡಲು ಅಚ್ಚುಕಟ್ಟು. ಆದರೆ 1949ರಲ್ಲಿ ಲಾರ್ಸ್ ಆನ್‌ಸಾಗರ್ ತೋರಿಸಿದ್ದು ಏನು ಗೊತ್ತಾ? ಗಟ್ಟಿ ಕಡ್ಡಿಗಳನ್ನು ಒತ್ತೊತ್ತಾಗಿ ತುಂಬಿದಾಗ, ಹಾಗೆ ಸಾಲಾಗಿ ನಿಂತರೇನೇ ಒಟ್ಟು ಎಂಟ್ರೊಪಿ ಜಾಸ್ತಿ. ದಿಕ್ಕಿನಲ್ಲಿ ಸ್ವಲ್ಪ ಸ್ವಾತಂತ್ರ್ಯ ಬಿಟ್ಟುಕೊಟ್ಟರೆ ಅಕ್ಕಪಕ್ಕ ಓಡಾಡಲು ಅದಕ್ಕಿಂತ ಹೆಚ್ಚು ಜಾಗ ಸಿಗುತ್ತದೆ. ಕಣ್ಣಿಗೆ ಕಾಣುವ ಅಚ್ಚುಕಟ್ಟು ಎಂಟ್ರೊಪಿ ಏರಿದ್ದರಿಂದಲೇ ಬಂತು!

ಸರಿ. ಕ್ವಾಂಟಂ ಮೆಕ್ಯಾನಿಕ್ಸ್‌ಗೂ ಇದಕ್ಕೂ ಏನು ಜಗಳ?

ಕ್ವಾಂಟಂ ವ್ಯವಸ್ಥೆಯ ಎಂಟ್ರೊಪಿಯನ್ನು ಹೇಗೆ ಲೆಕ್ಕ ಹಾಕಬೇಕು ಎಂದು 1927ರಲ್ಲಿ ಜಾನ್ ಫಾನ್ ನಾಯ್ಮನ್ ತೋರಿಸಿಕೊಟ್ಟರು. ವ್ಯವಸ್ಥೆಯ ಸ್ಥಿತಿ ಪೂರ್ತಿ ಗೊತ್ತಿದ್ದರೆ ಅದು ‘ಶುದ್ಧ ಸ್ಥಿತಿ’, ಎಂಟ್ರೊಪಿ ಸೊನ್ನೆ. ಇದೋ ಅದೋ ಎನ್ನುವ ಅನುಮಾನ ಇದ್ದರೆ ‘ಮಿಶ್ರ ಸ್ಥಿತಿ’, ಎಂಟ್ರೊಪಿ ಸೊನ್ನೆಗಿಂತ ಜಾಸ್ತಿ.

ಈಗ ತೊಡಕು. ಹೊರಗಿನ ಯಾವುದೂ ಮುಟ್ಟದ ಒಂದು ಕ್ವಾಂಟಂ ವ್ಯವಸ್ಥೆ ಶ್ರೋಡಿಂಗರ್ ಸಮೀಕರಣದ ಪ್ರಕಾರ ಸಾಗುತ್ತದೆ. ಆ ಸಾಗುವಿಕೆಯಲ್ಲಿ ಫಾನ್ ನಾಯ್ಮನ್ ಎಂಟ್ರೊಪಿ ಒಂದು ಚೂರೂ ಬದಲಾಗಲ್ಲ. ಶುದ್ಧವಾಗಿ ಶುರುವಾದದ್ದು ಸಾವಿರ ವರ್ಷ ಬಿಟ್ಟರೂ ಶುದ್ಧವೇ. ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ.

ಎರಡನೇ ನಿಯಮ ಎಂಟ್ರೊಪಿ ಏರುತ್ತದೆ ಅನ್ನುತ್ತದೆ. ಶ್ರೋಡಿಂಗರ್ ಸಮೀಕರಣ ಅಲುಗಾಡಲ್ಲ ಅನ್ನುತ್ತದೆ. ಮಕ್ಕಳು ಬಂದು ನಿಲ್ಲುವುದು ಇಲ್ಲೇ.

ಹಾಗಾದರೆ ಎಂಟ್ರೊಪಿ ಎಲ್ಲಿಂದ ಹುಟ್ಟುತ್ತದೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದಲು ಸಮಯ ಇದ್ದರೆ ಇದನ್ನು ಓದಿ.

ಮೊದಲು ಒಂದು ಮನೆ. ಪಡಸಾಲೆ, ಅಡುಗೆ ಮನೆ, ದೇವರ ಮನೆ. ಇಡೀ ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಅಂತ ನನಗೆ ಪೂರ್ತಿ ಗೊತ್ತಿದ್ದರೆ ಅಡುಗೆ ಮನೆಯಲ್ಲಿ ಏನಿದೆ ಅನ್ನುವುದೂ ಗೊತ್ತಿರಲೇಬೇಕು, ಅಲ್ವಾ? ಪೂರ್ತಿಯ ಬಗ್ಗೆ ಅನುಮಾನ ಸೊನ್ನೆಯಾದರೆ ಭಾಗದ ಬಗ್ಗೆಯೂ ಸೊನ್ನೆ. ನಮ್ಮ ದಿನನಿತ್ಯದ ಲೋಕದಲ್ಲಿ ಇದಕ್ಕೆ ಅಪವಾದ ಇಲ್ಲ.

ಕ್ವಾಂಟಂ ಲೋಕದಲ್ಲಿ ಇದು ಸುಳ್ಳಾಗುತ್ತದೆ. ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ತಗೊಳ್ಳಿ. ಸ್ಪಿನ್ ಅಂದರೆ ಕಣಕ್ಕೆ ಹುಟ್ಟಿನಿಂದಲೇ ಇರುವ ಒಂದು ಗುಣ, ಅಳೆದಾಗ ‘ಮೇಲೆ’ ಇಲ್ಲವೇ ‘ಕೆಳಗೆ’ ಅಂತ ಮಾತ್ರ ಸಿಗುತ್ತದೆ. ಒಂದು ಮೇಲಾದರೆ ಇನ್ನೊಂದು ಕೆಳಗೆ ಎನ್ನುವ ಹಾಗೆ ಅವನ್ನು ಒಂದೇ ಸ್ಥಿತಿಯಲ್ಲಿ ಹೆಣೆಯಬಹುದು. ಜೋಡಿಯ ಸ್ಥಿತಿ ನಮಗೆ ಪೂರ್ತಿ ಗೊತ್ತು, ಅದರ ಎಂಟ್ರೊಪಿ ಸೊನ್ನೆ. ಆದರೆ ಒಂದೇ ಎಲೆಕ್ಟ್ರಾನ್ ನೋಡಿದರೆ? ಮೇಲೆ ಇರಲು ಅರ್ಧ ಸಾಧ್ಯತೆ, ಕೆಳಗೆ ಇರಲು ಅರ್ಧ. ಯಾವ ದಿಕ್ಕಿನಲ್ಲಿ ಅಳೆದರೂ ಅಷ್ಟೇ. ಎಂಟ್ರೊಪಿ ಪೂರ್ತಿ ಒಂದು ಬಿಟ್ (ಹೌದೋ ಅಲ್ಲವೋ ಎನ್ನುವ ಒಂದು ಪ್ರಶ್ನೆಯ ಉತ್ತರದಷ್ಟು ಮಾಹಿತಿ), ಒಂದು ಸ್ಪಿನ್‌ಗೆ ಅದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ. ಇಡೀ ಮನೆ ಗೊತ್ತು, ಒಂದು ಕೋಣೆಯೂ ಗೊತ್ತಿಲ್ಲ.

ಇದಕ್ಕೆ ಎಂಟ್ಯಾಂಗಲ್‌ಮೆಂಟ್ ಅನ್ನುತ್ತಾರೆ. 1935ರಲ್ಲಿ ಶ್ರೋಡಿಂಗರ್ ಈ ಹೆಸರು ಕೊಟ್ಟರು. ನಾನು ತರಗತಿಯಲ್ಲಿ ‘ಹೆಣಿಗೆ’ ಅನ್ನುತ್ತೇನೆ.

ಮೈಸೂರು ರೇಷ್ಮೆ ಸೀರೆಯ ಅಂಚು ನೆನಪಿಸಿಕೊಳ್ಳಿ. ಒಂದೆರಡು ಎಳೆ ಬಿಚ್ಚಿ ಕೈಯಲ್ಲಿ ಹಿಡಿದರೆ ಅದರಲ್ಲಿ ಹೂವು ಕಾಣಲ್ಲ. ಬರೀ ದಾರ. ಹೂವು ಇರುವುದು ಎಳೆಗಳು ಒಂದರ ಮೇಲೊಂದು ಹಾದುಹೋಗಿರುವ ರೀತಿಯಲ್ಲಿ. ಸೀರೆ ಪೂರ್ತಿ ಕೈಯಲ್ಲಿದ್ದರೆ ವಿನ್ಯಾಸ ಪೂರ್ತಿ ಇದೆ. ಎಳೆ ಮಾತ್ರ ಇದ್ದರೆ ಏನೂ ಇಲ್ಲ.

ಈಗ ಒಂದು ಲೋಟ ಬಿಸಿ ಕಾಫಿಯನ್ನು ಯೋಚಿಸಿ. ಅದರ ಅಣುಗಳು ಲೋಟದ ಜೊತೆ, ಗಾಳಿಯ ಜೊತೆ, ಹೊರಗೆ ಹೋಗುವ ಶಾಖಕಿರಣಗಳ ಜೊತೆ ಪ್ರತಿ ಕ್ಷಣ ಡಿಕ್ಕಿ ಹೊಡೆಯುತ್ತವೆ. ಪ್ರತಿ ಡಿಕ್ಕಿಯೂ ಒಂದು ಹೆಣಿಗೆ. ಕಾಫಿ, ಲೋಟ, ಗಾಳಿ, ಕಿರಣ ಎಲ್ಲ ಸೇರಿಸಿ ನೋಡುವವರಿದ್ದರೆ ಅವರ ಲೆಕ್ಕದಲ್ಲಿ ಏನೂ ಹೆಚ್ಚಿಲ್ಲ. ನಾವು ನೋಡುವುದು ಕಾಫಿಯನ್ನು ಮಾತ್ರ, ಅದೂ ಅದರ ತಾಪ, ಒತ್ತಡ, ಇಂಥ ನಾಲ್ಕು ಅಂಶ ಮಾತ್ರ. ಮಾಹಿತಿ ಅಳಿದಿಲ್ಲ. ನಾವು ಕೈಚಾಚಿ ಹಿಡಿಯಲಾಗದಷ್ಟು ದೂರಕ್ಕೆ, ಅಷ್ಟು ಸಣ್ಣ ಸಣ್ಣ ಸಂಬಂಧಗಳಿಗೆ ಹರಡಿದೆ. ಭಾಗದ ಎಂಟ್ರೊಪಿ ಏರುತ್ತದೆ, ಪೂರ್ತಿಯದು ಇದ್ದಲ್ಲೇ ಇರುತ್ತದೆ. ಎರಡೂ ನಿಯಮ ಸರಿ. ಅವು ಮಾತಾಡುತ್ತಿರುವುದು ಬೇರೆ ಬೇರೆ ವಸ್ತುವಿನ ಬಗ್ಗೆ.

1993ರಲ್ಲಿ ಡಾನ್ ಪೇಜ್ ಇನ್ನೂ ಒಂದು ಸಂಗತಿ ಲೆಕ್ಕ ಹಾಕಿದರು. ದೊಡ್ಡ ವ್ಯವಸ್ಥೆಯ ಶುದ್ಧ ಸ್ಥಿತಿಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿ. ಅದರ ಸಣ್ಣ ಭಾಗದ ಎಂಟ್ರೊಪಿ ಹೆಚ್ಚುಕಡಿಮೆ ಗರಿಷ್ಠ ಮಟ್ಟದಲ್ಲೇ ಇರುತ್ತದೆ. 2006ರಲ್ಲಿ ಪೊಪೆಸ್ಕು, ಶಾರ್ಟ್ ಮತ್ತು ವಿಂಟರ್ ಇದನ್ನು ಇನ್ನೂ ವಿಸ್ತರಿಸಿದರು. ಒಟ್ಟು ಶಕ್ತಿ ನಿಗದಿಯಾಗಿರುವಾಗ ಸಣ್ಣ ಭಾಗ ಬಿಸಿ ವಸ್ತುವಿನ ಹಾಗೆಯೇ ಕಾಣುತ್ತದೆ. ಅಂದರೆ ಉಷ್ಣ ಸಮತೋಲವನ್ನು (ತಾಪ ಎಲ್ಲೆಡೆ ಒಂದೇ ಆಗಿ ನಿಂತ ಸ್ಥಿತಿಯನ್ನು) ವಿವರಿಸಲು ‘ನಮಗೆ ಗೊತ್ತಿಲ್ಲ’ ಎಂದು ಮೊದಲೇ ಊಹಿಸಿಕೊಳ್ಳಬೇಕಿಲ್ಲ. ಹೆಣಿಗೆ ಒಂದೇ ಸಾಕು. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದೆಲ್ಲ ಕಾಗದದ ಮೇಲಿನ ಲೆಕ್ಕವಾ, ಯಾರಾದರೂ ನೋಡಿದ್ದಾರಾ?

ನೋಡಿದ್ದಾರೆ. 2016ರಲ್ಲಿ ಹಾರ್ವರ್ಡ್‌ನ ಮಾರ್ಕಸ್ ಗ್ರೈನರ್ ತಂಡ ಕೇವಲ ಆರು ರುಬಿಡಿಯಂ ಪರಮಾಣುಗಳನ್ನು ಬೆಳಕಿನಿಂದ ಮಾಡಿದ ಗುಳಿಗಳ ಸಾಲಿನಲ್ಲಿ ಕೂರಿಸಿತು. ಗುಳಿಗೊಂದು ಪರಮಾಣು. ಆಮೇಲೆ ಅವಕ್ಕೆ ಅಕ್ಕಪಕ್ಕ ಜಿಗಿಯಲು ಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಒಂದೆರಡು ಗುಳಿ ಮಾತ್ರ ನೋಡಿದರೆ ಪಕ್ಕಾ ಬಿಸಿ ಅನಿಲದ ಲಕ್ಷಣ. ಆದರೆ ಆರನ್ನೂ ಸೇರಿಸಿ ಅಳೆದರೆ ಸ್ಥಿತಿ ಇನ್ನೂ ಶುದ್ಧವಾಗಿಯೇ ಇತ್ತು.

ಅಳೆದ ರೀತಿ ಜಾಣತನದ್ದು. ಅದೇ ವ್ಯವಸ್ಥೆಯ ಎರಡು ಪ್ರತಿ ಮಾಡಿ, ಎರಡನ್ನೂ ಒಂದರ ಜೊತೆ ಒಂದು ಬೆರೆಸಿ, ಎಷ್ಟು ಹೊಂದುತ್ತವೆ ಅಂತ ನೋಡಿದರು. ಪೂರ್ತಿ ಹೊಂದಿದರೆ ಶುದ್ಧ. ಭಾಗ ಮಾತ್ರ ಹೊಂದದಿದ್ದರೆ ಅಲ್ಲಿ ಎಂಟ್ರೊಪಿ ಇದೆ.

ಎಲ್ಲಾ ಕ್ವಾಂಟಂ ವ್ಯವಸ್ಥೆಗಳೂ ಹೀಗೆ ಸಮತೋಲಕ್ಕೆ ಬರುತ್ತವಾ?

ಇಲ್ಲ. 2006ರಲ್ಲಿ ಅಮೆರಿಕದ ಕಿನೋಶಿತಾ, ವೆಂಗರ್, ವೈಸ್ ರುಬಿಡಿಯಂ ಪರಮಾಣುಗಳನ್ನು ಕೊಳವೆಯಂಥ ತೆಳ್ಳನೆ ದಾರಿಯಲ್ಲಿ ಎದುರುಬದುರು ಓಡಿಸಿದರು. ಸಾವಿರಾರು ಡಿಕ್ಕಿಗಳಾದ ಮೇಲೂ ಅವು ಸಮತೋಲಕ್ಕೆ ಬರಲಿಲ್ಲ. ಒಂದೇ ಸಾಲಿನ ದಾರಿಯಲ್ಲಿ ಬದಲಾಗದೆ ಉಳಿಯಲೇಬೇಕಾದ ಅಳತೆಗಳು ಅಷ್ಟೊಂದಿವೆ. ಹಾಗೆಯೇ ಏರುಪೇರು ಜಾಸ್ತಿ ಇರುವ ವಸ್ತುವಿನಲ್ಲಿ ಕಣದ ಕ್ವಾಂಟಂ ಅಲೆ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು 1958ರಲ್ಲೇ ಫಿಲಿಪ್ ಆಂಡರ್ಸನ್ ತೋರಿಸಿದ್ದರು. ಕಣಗಳು ಒಂದನ್ನೊಂದು ತಳ್ಳಾಡುವಾಗಲೂ ಇದು ಕೊನೆವರೆಗೆ ಉಳಿಯುತ್ತದೆಯೇ ಎನ್ನುವ ಚರ್ಚೆ ಇನ್ನೂ ಬಿಸಿಯಾಗಿಯೇ ಇದೆ.

ಏರಿದ ಎಂಟ್ರೊಪಿಯನ್ನು ವಾಪಸ್ ಇಳಿಸಬಹುದಾ?

ಎಳೆಗಳೆಲ್ಲ ಇನ್ನೂ ಕೈಯಲ್ಲಿದ್ದರೆ ಇಳಿಸಬಹುದು. 1950ರಲ್ಲಿ ಎರ್ವಿನ್ ಹಾನ್ ಮಾಡಿ ತೋರಿಸಿದರು.

ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವವರನ್ನು ನೆನೆಯಿರಿ. ಇಪ್ಪತ್ತು ಜನ ಗೇಟಿನಿಂದ ಒಟ್ಟಿಗೆ ಹೊರಟರು. ಒಬ್ಬೊಬ್ಬರ ವೇಗ ಒಂದೊಂದು. ಹತ್ತು ನಿಮಿಷಕ್ಕೆ ಗುಂಪು ಚದುರಿ ಹೋಗಿದೆ. ಒಟ್ಟಿಗೆ ಹೊರಟಿದ್ದರು ಅಂತ ನೋಡಿದವರಿಗೆ ಹೇಳಲು ಆಗಲ್ಲ. ಈಗ ಯಾರೋ ಸೀಟಿ ಊದಿದರು, ಎಲ್ಲರೂ ನಿಂತಲ್ಲೇ ತಿರುಗಿ ಅದೇ ವೇಗದಲ್ಲಿ ವಾಪಸ್ ಹೊರಟರು. ಇನ್ನು ಹತ್ತು ನಿಮಿಷಕ್ಕೆ ಇಪ್ಪತ್ತೂ ಜನ ಗೇಟಿನಲ್ಲಿ ಒಟ್ಟಿಗೇ ಹಾಜರ್. ಮುಂದೆ ಹೋದವರಿಗೆ ವಾಪಸ್ ದಾರಿ ಜಾಸ್ತಿ, ಆದರೆ ವೇಗವೂ ಜಾಸ್ತಿ.

ಹಾನ್ ಪರಮಾಣು ಬೀಜಗಳ ಸ್ಪಿನ್‌ಗೆ ಇದನ್ನೇ ಮಾಡಿದರು. ರೇಡಿಯೋ ತರಂಗದ ಒಂದು ತುಣುಕೇ ಸೀಟಿ. ಕಳೆದೇ ಹೋಯಿತು ಎಂದುಕೊಂಡಿದ್ದ ಸಂಕೇತ ಪ್ರತಿಧ್ವನಿಯಂತೆ ಮರಳಿ ಬಂತು. ಎಂಆರ್‌ಐ ಯಂತ್ರಗಳಲ್ಲಿ ಇವತ್ತಿಗೂ ಈ ತಂತ್ರ ಬಳಕೆಯಲ್ಲಿದೆ.

ಆದರೆ ನಡೆಯುವವರಲ್ಲಿ ಕೆಲವರು ದಾರಿಯಲ್ಲಿ ಸಿಕ್ಕ ಸ್ನೇಹಿತರ ಜೊತೆ ಮಾತಿಗೆ ನಿಂತು ವೇಗ ಬದಲಿಸಿಬಿಟ್ಟರೆ? ಆಗ ಸೀಟಿ ಊದಿದರೂ ಅವರು ಸಮಯಕ್ಕೆ ಬರಲ್ಲ. ಸ್ಪಿನ್‌ಗಳೂ ಹಾಗೆಯೇ. ಹೊರಗಿನ ಪರಮಾಣುಗಳ ಜೊತೆ ಹೆಣೆದುಕೊಂಡವು ವಾಪಸ್ ಬರಲ್ಲ, ಪ್ರತಿಧ್ವನಿ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ನಮ್ಮ ಕೈ ತಪ್ಪಿಹೋದ ಎಳೆಗಳ ಲೆಕ್ಕ.

ತಣ್ಣನೆಯದರಿಂದ ಬಿಸಿಯದಕ್ಕೆ ಶಾಖ ಹರಿಸಿದರಂತೆ. ನಿಯಮ ಮುರಿಯಿತಾ?

2019ರಲ್ಲಿ ಬ್ರೆಜಿಲ್‌ನ ಭೌತವಿಜ್ಞಾನಿಗಳು ಕ್ಲೋರೋಫಾರ್ಮ್ ಅಣುವಿನ ಕಾರ್ಬನ್ ಮತ್ತು ಹೈಡ್ರೋಜನ್ ಬೀಜಗಳ ಸ್ಪಿನ್‌ಗಳನ್ನು ಬಳಸಿ ಇದನ್ನು ಮಾಡಿದರು. ಒಂದು ಸ್ಪಿನ್ ಬಿಸಿ, ಇನ್ನೊಂದು ತಣ್ಣಗೆ. ಎರಡರ ನಡುವೆ ಮೊದಲೇ ಕ್ವಾಂಟಂ ನಂಟು ಇರುವಂತೆ ಸಿದ್ಧಪಡಿಸಿದ್ದರು. ಶಾಖ ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ಹರಿಯಿತು. ಹರಿಯುತ್ತಾ ಹರಿಯುತ್ತಾ ಆ ನಂಟು ಕರಗಿತು.

ಎರಡು ವಸ್ತುಗಳ ನಡುವೆ ಮೊದಲಿನಿಂದ ಯಾವ ನಂಟೂ ಇಲ್ಲ ಎನ್ನುವ ಷರತ್ತು ನಮ್ಮ ಹಳೆಯ ನಿಯಮದೊಳಗೇ ಅಡಗಿತ್ತು. ಕ್ಲೌಸಿಯಸ್‌ಗೆ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬಿದ್ದಿರಲಿಲ್ಲ. ನಂಟನ್ನೂ ಲೆಕ್ಕಕ್ಕೆ ಸೇರಿಸಿದರೆ ನಿಯಮ ಗಟ್ಟಿಯಾಗಿ ನಿಲ್ಲುತ್ತದೆ. ಉಳಿತಾಯ ಖಾತೆಯಲ್ಲಿದ್ದ ದುಡ್ಡು ಖರ್ಚಾಯಿತು, ಅಷ್ಟೇ.

ಮ್ಯಾಕ್ಸ್‌ವೆಲ್‌ನ ಭೂತ ಅಂದರೆ ಏನು?

1867ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸ್ನೇಹಿತರಿಗೆ ಬರೆದ ಪತ್ರದಲ್ಲಿ ಹುಟ್ಟಿದ ಕಲ್ಪನೆ. ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಒಂದು ಸಣ್ಣ ಜೀವಿ ಕಾದು ಕೂತಿದೆ. ಜೋರಾಗಿ ಬರುವ ಅಣುಗಳನ್ನು ಮಾತ್ರ ಈ ಕಡೆಯಿಂದ ಆ ಕಡೆಗೆ ಬಿಡುತ್ತದೆ, ನಿಧಾನದವನ್ನು ಆ ಕಡೆಯಿಂದ ಈ ಕಡೆಗೆ. ಒಂದು ಕೋಣೆ ಬಿಸಿಯಾಗುತ್ತದೆ, ಇನ್ನೊಂದು ತಣ್ಣಗಾಗುತ್ತದೆ. ಯಾರೂ ದುಡಿಯಲಿಲ್ಲ. ಹೇಗೆ ಸಾಧ್ಯ?

ಉತ್ತರ ಸಿಗಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 1929ರಲ್ಲಿ ಲಿಯೋ ಸಿಲಾರ್ಡ್ ಇದನ್ನು ಒಂದೇ ಅಣುವಿನ ಯಂತ್ರಕ್ಕೆ ಇಳಿಸಿ ನೋಡಿದರು. 1961ರಲ್ಲಿ ರಾಲ್ಫ್ ಲ್ಯಾಂಡಾವರ್ ಒಂದು ಬಿಟ್ ಮಾಹಿತಿ ಅಳಿಸಲು ಕನಿಷ್ಠ ಇಷ್ಟು ಶಾಖ ಹೊರಹಾಕಲೇಬೇಕು ಎಂದು ತೋರಿಸಿದರು. 1982ರಲ್ಲಿ ಚಾರ್ಲ್ಸ್ ಬೆನೆಟ್ ಎಲ್ಲವನ್ನೂ ಸೇರಿಸಿದರು. ಭೂತ ಪ್ರತಿ ಅಣುವಿನ ಬಗ್ಗೆಯೂ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಪುಸ್ತಕ ತುಂಬುತ್ತದೆ. ಮುಂದುವರಿಯಬೇಕಾದರೆ ಅಳಿಸಬೇಕು. ಅಳಿಸುವಾಗ, ಅಷ್ಟು ಹೊತ್ತು ಉಳಿಸಿದ್ದೆಲ್ಲ ಶಾಖವಾಗಿ ವಾಪಸ್ ಹೋಗುತ್ತದೆ.

ನಮ್ಮ ಮನೆಯ ತಾಪದಲ್ಲಿ, ಅಂದರೆ ಸುಮಾರು 300 ಕೆಲ್ವಿನ್‌ನಲ್ಲಿ, ಒಂದು ಬಿಟ್‌ಗೆ ಆ ಕನಿಷ್ಠ ಶಾಖ 2.9 × 10⁻²¹ ಜೂಲ್. ಇಷ್ಟು ಸಣ್ಣದನ್ನು 2012ರಲ್ಲಿ ಫ್ರಾನ್ಸ್‌ನ ಲಿಯೋನ್‌ನಲ್ಲಿ ಅಳೆದೇ ಬಿಟ್ಟರು. ಅದಕ್ಕೂ ಮುಂಚೆ 2010ರಲ್ಲಿ ಜಪಾನಿನಲ್ಲಿ ಭೂತವನ್ನೇ ಕಟ್ಟಿದ್ದರು. ಚಾಮುಂಡಿ ಬೆಟ್ಟದ ಮೆಟ್ಟಿಲಿನ ಮೇಲೆ ಒಂದು ಗೋಲಿ ಅತ್ತಿತ್ತ ನಡುಗುತ್ತಿದೆ ಎಂದುಕೊಳ್ಳಿ. ಅಕಸ್ಮಾತ್ ಒಂದು ಮೆಟ್ಟಿಲು ಮೇಲೆ ಹಾರಿದ ತಕ್ಷಣ ಹಿಂದೆ ಒಂದು ಅಡ್ಡ ಇಡುತ್ತೀರಿ. ಹೀಗೇ ಮಾಡುತ್ತಾ ಹೋದರೆ ಯಾರೂ ತಳ್ಳದೆ ಗೋಲಿ ಬೆಟ್ಟ ಹತ್ತುತ್ತದೆ. ಅವರು ನೀರಿನಲ್ಲಿ ತೇಲುವ ಅತಿ ಸಣ್ಣ ಮಣಿಯನ್ನು ವಿದ್ಯುತ್ತಿನ ಮೆಟ್ಟಿಲುಗಳ ಮೇಲೆ ಹೀಗೇ ಹತ್ತಿಸಿದರು. ಖರ್ಚಾದದ್ದು ಮಾಹಿತಿ.

ಕ್ವಾಂಟಂನಲ್ಲಿ ಇನ್ನೂ ವಿಚಿತ್ರ. ನಾನು ಅಳಿಸಬೇಕಾದ ಬಿಟ್‌ಗೂ ನನ್ನ ಕೈಯಲ್ಲಿರುವ ಇನ್ನೊಂದು ಕಣಕ್ಕೂ ಹೆಣಿಗೆ ಇದ್ದರೆ, ಅಳಿಸುವಾಗ ಶಾಖ ಕೊಡುವ ಬದಲು ಕೆಲಸವನ್ನೇ ಪಡೆಯಬಹುದು ಎಂದು 2011ರಲ್ಲಿ ಲೀಡಿಯಾ ಡೆಲ್ ರಿಯೋ ಮತ್ತು ಸಂಗಡಿಗರು ತೋರಿಸಿದರು. ಮೇಲಿನ ಎಲೆಕ್ಟ್ರಾನ್ ಜೋಡಿಯ ಉದಾಹರಣೆ ನೆನಪಿದೆಯಾ? ಪೂರ್ತಿಯ ಎಂಟ್ರೊಪಿಯಿಂದ ಭಾಗದ ಎಂಟ್ರೊಪಿ ಕಳೆದರೆ ಅಲ್ಲಿ ಮೈನಸ್ ಉತ್ತರ ಬರುತ್ತದೆ. ಆ ಮೈನಸ್ಸಿಗೆ ಇರುವ ಅರ್ಥವೇ ಇದು.

ಸಣ್ಣ ವ್ಯವಸ್ಥೆಗಳಲ್ಲಿ ಎರಡನೇ ನಿಯಮ ಸುಳ್ಳಾಗುತ್ತದೆಯಂತೆ?

ಒಂದೊಂದು ಸಲ ಎಂಟ್ರೊಪಿ ಇಳಿಯುತ್ತದೆ, ನಿಜ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ನೀರಿನಲ್ಲಿದ್ದ ಒಂದು ಸಣ್ಣ ಮಣಿಯನ್ನು ಲೇಸರ್‌ನಿಂದ ಎಳೆದು ಇದನ್ನು ಕಂಡರು. ಆದರೆ ಎಷ್ಟು ಸಲ ಇಳಿಯಬಹುದು ಅನ್ನುವುದಕ್ಕೂ ಖಚಿತ ನಿಯಮ ಇದೆ. ಇಳಿಕೆಯ ಪ್ರಮಾಣ ಜಾಸ್ತಿಯಾದಂತೆ ಅದರ ಸಾಧ್ಯತೆ ಘಾತೀಯವಾಗಿ ಕುಸಿಯುತ್ತದೆ. 1997ರಲ್ಲಿ ಕ್ರಿಸ್ಟೋಫರ್ ಜಾರ್ಜಿನ್ಸ್‌ಕಿ ಕೊಟ್ಟ ಸಮೀಕರಣ ಇನ್ನೂ ಸೊಗಸು. ಬೇಕಾಗುವ ಕೆಲಸದ ಬಗ್ಗೆ ಹಳೆಯ ನಿಯಮ ‘ಇಷ್ಟಕ್ಕಿಂತ ಕಡಿಮೆ ಆಗಲ್ಲ’ ಅನ್ನುತ್ತಿತ್ತು, ಇದು ‘ಸರಾಸರಿ ತೆಗೆದರೆ ಸರಿಯಾಗಿ ಇಷ್ಟೇ’ ಅನ್ನುತ್ತದೆ. ಒಂದೇ ಒಂದು ಯಟರ್ಬಿಯಂ ಅಯಾನಿನ ಮೇಲೆ 2015ರಲ್ಲಿ ಬೀಜಿಂಗ್‌ನಲ್ಲಿ ಇದರ ಕ್ವಾಂಟಂ ರೂಪವನ್ನು ಪರೀಕ್ಷಿಸಿದರು. ಸರಿಹೋಯಿತು.

ಕ್ವಾಂಟಂ ಎಂಜಿನ್ ಕಾರ್ನೋ ಮಿತಿಯನ್ನು ದಾಟಬಹುದಾ?

1824ರಲ್ಲಿ ಸಾಡಿ ಕಾರ್ನೋ ಶಾಖದ ಎಂಜಿನ್ನನ್ನು ನೀರು ಬೀಳುವುದಕ್ಕೆ ಹೋಲಿಸಿದರು. ಎತ್ತರದಿಂದ ತಗ್ಗಿಗೆ ನೀರು ಬಿದ್ದು ಚಕ್ರ ತಿರುಗುವಂತೆ, ಬಿಸಿಯಿಂದ ತಣ್ಣಗಿನ ಕಡೆಗೆ ಶಾಖ ‘ಬಿದ್ದು’ ಎಂಜಿನ್ ಓಡುತ್ತದೆ. ಆ ಶಾಖದಲ್ಲಿ ಹೆಚ್ಚೆಂದರೆ ಎಷ್ಟು ಪಾಲನ್ನು ಕೆಲಸವಾಗಿ ಪಡೆಯಬಹುದು ಅನ್ನುವುದೇ ಕಾರ್ನೋ ಮಿತಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು ನಮಗೆಲ್ಲ ಹೆಮ್ಮೆಯ ಕತೆ. ಅಲ್ಲಿ ಬಿದ್ದದ್ದು ನಿಜವಾದ ನೀರು, ಕಾರ್ನೋ ಮಿತಿ ಅದಕ್ಕೆ ಅನ್ವಯಿಸಲ್ಲ. ಶಾಖಕ್ಕೆ ಅನ್ವಯಿಸುತ್ತದೆ: 1000 ಕೆಲ್ವಿನ್ ಒಲೆ, 300 ಕೆಲ್ವಿನ್ ಹೊರಗಾಳಿ ಆದರೆ 100ರಲ್ಲಿ 70 ಪಾಲಿಗಿಂತ ಜಾಸ್ತಿ ಕೆಲಸ ಯಾವ ಎಂಜಿನ್ನಿಂದಲೂ ಬರಲ್ಲ.

1959ರಲ್ಲೇ ಸ್ಕೋವಿಲ್ ಮತ್ತು ಶುಲ್ಜ್-ಡುಬೋಯಿಸ್ ಮೂರು ಶಕ್ತಿಮಟ್ಟಗಳ ಮೇಸರ್ (ಮೈಕ್ರೋವೇವ್ ಹೊರಡಿಸುವ, ಲೇಸರ್‌ನಂಥ ಸಾಧನ) ಕೂಡ ಒಂದು ಶಾಖದ ಎಂಜಿನ್, ಅದಕ್ಕೂ ಇದೇ ಮಿತಿ ಎಂದು ತೋರಿಸಿದ್ದರು. 2016ರಲ್ಲಿ ಜರ್ಮನಿಯ ಮೈನ್ಸ್‌ನಲ್ಲಿ ಒಂದೇ ಕ್ಯಾಲ್ಸಿಯಂ ಅಯಾನಿನ ಎಂಜಿನ್ ಓಡಿಸಿದರು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ಅಜಯ್ ಸೂದ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾ ಓಡಾಡುವ ನೀರನ್ನೇ ಒಲೆಯಾಗಿ ಬಳಸಿ ಅತಿ ಸಣ್ಣ ಎಂಜಿನ್ ಮಾಡಿದರು. ಅದು ಕ್ವಾಂಟಂ ಎಂಜಿನ್ ಅಲ್ಲ, ಆದರೆ ಇದೇ ಪಾಠ ಕಲಿಸುತ್ತದೆ. ಒಲೆ ಸಮತೋಲದಲ್ಲಿ ಇಲ್ಲದಿದ್ದರೆ ಕಾರ್ನೋ ಸೂತ್ರವನ್ನು ಹಾಗೇ ತಂದು ಹಾಕುವಂತಿಲ್ಲ.

‘ಕಾರ್ನೋ ಮಿತಿ ದಾಟಿದರು’ ಎಂಬ ಸುದ್ದಿ ಓದಿದರೆ ಒಂದು ಕೆಲಸ ಮಾಡಿ: ಆ ವಿಶೇಷ ಒಲೆಯನ್ನು ಸಿದ್ಧಪಡಿಸಲು ಏನು ಖರ್ಚಾಯಿತು ಅಂತ ಹುಡುಕಿ. ಅದನ್ನೂ ಸೇರಿಸಿದ ಮೇಲೆ ದಾಟಿದ ಉದಾಹರಣೆ ನಾನು ಇನ್ನೂ ನೋಡಿಲ್ಲ.

ಅಳತೆ ಮಾಡಿದರೆ ಎಂಟ್ರೊಪಿ ಏರುತ್ತದಾ?

ಅಳೆದು ಫಲಿತಾಂಶ ನೋಡದೆ ಬಿಟ್ಟರೆ ಏರುತ್ತದೆ, ಇಲ್ಲವೇ ಹಾಗೇ ಇರುತ್ತದೆ. ಇಳಿಯಲ್ಲ. ಫಲಿತಾಂಶ ನೋಡಿದರೆ ನಿಮ್ಮ ಪಾಲಿಗೆ ಇಳಿಯಬಹುದು, ಆದರೆ ಈಗ ಆ ಫಲಿತಾಂಶ ಬರೆದುಕೊಂಡ ಪುಸ್ತಕ ನಿಮ್ಮ ಹತ್ತಿರ ಇದೆ. ಭೂತದ ಕತೆ ಮತ್ತೆ ಶುರು.

ಈ ವಿಷಯದಲ್ಲಿ ಭಾರತೀಯರ ಕೆಲಸ ಇದೆಯಾ?

ಖಂಡಿತ. ಹೊರಗಿನ ಜೊತೆ ಹೆಣೆದುಕೊಂಡ ವ್ಯವಸ್ಥೆ ಹೇಗೆ ಸಾಗುತ್ತದೆ ಎನ್ನುವ ಮೂಲ ಸಮೀಕರಣವನ್ನು 1976ರಲ್ಲಿ ಒಂದು ಕಡೆ ಲಿಂಡ್‌ಬ್ಲಾಡ್, ಇನ್ನೊಂದು ಕಡೆ ಗೊರಿನಿ, ಕೊಸ್ಸಕೋವ್‌ಸ್ಕಿ ಮತ್ತು ಕೇರಳದಲ್ಲಿ ಹುಟ್ಟಿದ ಇ.ಸಿ.ಜಿ. ಸುದರ್ಶನ್ ಕೊಟ್ಟರು. ಎಷ್ಟೋ ಕಡೆ ಲಿಂಡ್‌ಬ್ಲಾಡ್ ಹೆಸರು ಮಾತ್ರ ಹೇಳುತ್ತಾರೆ. ನಾನು ಬೋರ್ಡಿನ ಮೇಲೆ ನಾಲ್ಕೂ ಹೆಸರು ಬರೆಯುತ್ತೇನೆ.

ಮಣ್ಣು, ನೀರಿನಿಂದ ಇಷ್ಟು ಅಚ್ಚುಕಟ್ಟಾದ ಕಬ್ಬು ಬೆಳೆಯುತ್ತದಲ್ಲ, ಅದು ನಿಯಮಕ್ಕೆ ವಿರುದ್ಧ ಅಲ್ವಾ?

ಇದೂ ಚಿಕ್ಕಪ್ಪನ ಪ್ರಶ್ನೆ, ಮಂಡ್ಯದವರು ಕೇಳಲೇಬೇಕಾದದ್ದು. ಕಬ್ಬು ಒಂಟಿಯಾಗಿ ನಿಂತಿಲ್ಲ. ಸೂರ್ಯನ ಮೇಲ್ಮೈ ಸುಮಾರು 5800 ಕೆಲ್ವಿನ್. ಭೂಮಿ ಆಕಾಶಕ್ಕೆ ಶಾಖ ಬಿಡುವುದು ಸರಾಸರಿ 255 ಕೆಲ್ವಿನ್‌ನಲ್ಲಿ. ಬಂದ ಶಕ್ತಿ, ಹೋದ ಶಕ್ತಿ ಹೆಚ್ಚುಕಡಿಮೆ ಒಂದೇ. ಆದರೆ ಬೆಳಕಿನ ಒಂದು ಕಣ ಬಂದರೆ ಶಾಖಕಿರಣದ ಸುಮಾರು 20 ಕಣಗಳು ಹೋಗುತ್ತವೆ. ಒಂದನ್ನು ಇಪ್ಪತ್ತಾಗಿ ಚೂರು ಮಾಡಿ ಕಳಿಸುವಾಗ ಹೊರಗೆ ಹೋಗುವ ಎಂಟ್ರೊಪಿ ಅಪಾರ. ಕಬ್ಬಿನ ಗರಿಯೊಳಗೆ ಸಕ್ಕರೆ ಕಟ್ಟುವಾಗ ಉಳಿಸಿದ್ದು ಅದರ ಮುಂದೆ ತೀರಾ ಸಣ್ಣದು. ವಿಶ್ವೇಶ್ವರಯ್ಯ ನಾಲೆಯ ನೀರಿನಷ್ಟೇ, ರಾತ್ರಿಯ ತಣ್ಣನೆ ಆಕಾಶವೂ ಮಂಡ್ಯದ ಕಬ್ಬಿಗೆ ಬೇಕು.

ಕಪ್ಪುಕುಳಿಗೂ ಎಂಟ್ರೊಪಿ ಇದೆಯಾ?

ಇದೆ. 1970ರ ದಶಕದಲ್ಲಿ ಯಾಕೋಬ್ ಬೆಕೆನ್‌ಸ್ಟೈನ್ ಹೇಳಿದರು, ಸ್ಟೀಫನ್ ಹಾಕಿಂಗ್ ಲೆಕ್ಕದಿಂದ ಗಟ್ಟಿ ಮಾಡಿದರು. ವಿಚಿತ್ರ ಏನೆಂದರೆ ಅದು ಕುಳಿಯ ಘನಗಾತ್ರಕ್ಕೆ ಅನುಗುಣವಾಗಿಲ್ಲ, ಮೇಲ್ಮೈ ವಿಸ್ತಾರಕ್ಕೆ ಅನುಗುಣ. ಕುಳಿ ಆವಿಯಾಗಿ ಹೋದಾಗ ಒಳಗಿನ ಮಾಹಿತಿ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಈಗಲೂ ಬಿಡಿಸದ ಗಂಟು. ಪೇಜ್ ತಮ್ಮ ಲೆಕ್ಕವನ್ನು ಬಳಸಿದ್ದು ಇದರ ಮೇಲೇ.

ಸಮಯ ಒಂದೇ ದಿಕ್ಕಿಗೆ ಹೋಗುವುದು ಇದರಿಂದಲೇ?

ಅರ್ಧ ಮಾತ್ರ ಇದರಿಂದ. ಹೆಣಿಗೆ ಯಾಕೆ ಹರಡುತ್ತದೆ ಅನ್ನುವುದನ್ನು ಮೇಲೆ ಹೇಳಿದೆ. ಆದರೆ ಹರಡಬೇಕಾದರೆ ಶುರುವಿನಲ್ಲಿ ಹೆಣಿಗೆ ಕಡಿಮೆ ಇರಬೇಕು, ಎಂಟ್ರೊಪಿ ಕಡಿಮೆ ಇರಬೇಕು. ವಿಶ್ವ ಅಂಥ ಸ್ಥಿತಿಯಲ್ಲಿ ಯಾಕೆ ಶುರುವಾಯಿತು? ಶ್ರೋಡಿಂಗರ್ ಸಮೀಕರಣ ಇದಕ್ಕೆ ಉತ್ತರ ಕೊಡಲ್ಲ. ಬೋಲ್ಟ್ಸ್‌ಮನ್ ಕಾಲದಲ್ಲಿ ಉಳಿದ ಪ್ರಶ್ನೆ ಇವತ್ತಿಗೂ ಅಲ್ಲೇ ನಿಂತಿದೆ. ಮಕ್ಕಳಿಗೆ ಹೇಳುತ್ತೇನೆ, ನಿಮಗೆ ಕೆಲಸ ಬಾಕಿ ಇದೆ ಅಂತ.

ನಾನೇ ಲೆಕ್ಕ ಮಾಡಿ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಎರಡು ಸಾಲು, ಎರಡು ಕಂಬದ ಮ್ಯಾಟ್ರಿಕ್ಸ್ ಮತ್ತು ಲಾಗರಿದಮ್ ಗೊತ್ತಿದ್ದರೆ ಸಾಕು, ಪಿಯುಸಿ ಗಣಿತ. ಎರಡು ಸ್ಪಿನ್ ತಗೊಳ್ಳಿ. ಮೊದಲನೆಯದು ಮೇಲೆ, ಎರಡನೆಯದು ಕೆಳಗೆ ಇರುವ ಸಾಧ್ಯತೆ 0.9. ಅದರ ಉಲ್ಟಾ ಇರುವ ಸಾಧ್ಯತೆ 0.1. ಎರಡೂ ಒಂದೇ ಶುದ್ಧ ಸ್ಥಿತಿಯಲ್ಲಿ ಬೆರೆತಿವೆ, ಹಾಗಾಗಿ ಗುಣಾಂಕಗಳು ಈ ಸಂಖ್ಯೆಗಳ ವರ್ಗಮೂಲ. ಜೋಡಿಯ ಎಂಟ್ರೊಪಿ ಸೊನ್ನೆ ಬರುತ್ತದೆಯಾ ನೋಡಿ. ಆಮೇಲೆ ಎರಡನೇ ಸ್ಪಿನ್ ಬಿಟ್ಟುಬಿಟ್ಟು ಮೊದಲನೆಯದರ ಮ್ಯಾಟ್ರಿಕ್ಸ್ ಬರೆಯಿರಿ. ಕರ್ಣದ ಮೇಲೆ 0.9 ಮತ್ತು 0.1, ಉಳಿದೆರಡು ಸೊನ್ನೆ. ಪ್ರತಿ ಸಂಖ್ಯೆಯನ್ನೂ 2ರ ಆಧಾರದ ಅದರದೇ ಲಾಗರಿದಮ್‌ನಿಂದ ಗುಣಿಸಿ, ಕೂಡಿಸಿ, ಚಿಹ್ನೆ ಬದಲಿಸಿ. 0.469 ಬಿಟ್ ಬರಬೇಕು. ಈಗ 0.9ನ್ನು 0.8, 0.7, 0.6 ಮಾಡುತ್ತಾ ಹೋಗಿ, 0.5ರಲ್ಲಿ ಏನಾಗುತ್ತದೆ ನೋಡಿ.